ಹೆಡ್‌ಫೋನಿನಲ್ಲಿ ಇದ್ದ ಕೀಬೋರ್ಡ್ ಮೊಬೈಲಿನಲ್ಲಿ ಎಲ್ಲಿಗೆ ಹೋಯಿತು?

"ಏನ್ ಮಾರಾಯಾ, ರಾತ್ರಿ ಕೇಳಿದಾಗ ಪಿಯಾನೊ ಚೆನ್ನಾಗೇ ಇತ್ತು. ಬೆಳಿಗ್ಗೆ ಮೊಬೈಲಿಗೆ ಹಾಕಿದರೆ ಪಿಯಾನೊನೇ ಇಲ್ಲ. ಬರೀ ತಬಲಾ, ಬರೀ ಹಾಡು!"

ಸಾಗರದ ಗೆಳೆಯ ಫೋನ್ ಮಾಡಿ ಹೇಳಿದ್ದು ಇಷ್ಟು. ಮಹಡಿ ಮೇಲಿನ ಕೋಣೆಯಲ್ಲಿ ಅವನು ಭಾವಗೀತೆ ರೆಕಾರ್ಡ್ ಮಾಡುತ್ತಾನೆ, ಪಿಯಾನೊ ನುಡಿಸುವುದು ಕೀಬೋರ್ಡಿನಲ್ಲಿ. ಪಿಯಾನೊ ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸಿದ. ಹೆಡ್‌ಫೋನಿನಲ್ಲಿ ಅದು ಹಾಡನ್ನೇ ನುಂಗಿತು, ಮೊಬೈಲಿನಲ್ಲಿ ಮಾತ್ರ ಹಾಗೇ ಉಳಿಯಿತು. ಆಮೇಲೆ ಇಕ್ಯೂ (ದನಿಯ ದಪ್ಪ, ತೆಳು ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಿಡಿದ. ಎರಡು ರಾತ್ರಿ ನಿದ್ದೆ ಕೆಟ್ಟಿತು.

ಈ ದೂರಿಗೆ ವಾಲ್ಯೂಮ್ ಮದ್ದಲ್ಲ, ಇಕ್ಯೂ ಕೂಡ ಅಲ್ಲ. ಕೀಬೋರ್ಡಿನ ಎಡ ಮತ್ತು ಬಲ ಪರಸ್ಪರ ಜಗಳಕ್ಕೆ ಬಿದ್ದಾಗ ಹೀಗಾಗುತ್ತದೆ. ಜಗಳ ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ಇಲ್ಲಿನ ಕೆಲಸ. ನಲ್ಲಿಯಲ್ಲಿ ನೀರು ಬರದಿದ್ದರೆ ಟ್ಯಾಂಕಿನಿಂದ ನೋಡಿಕೊಂಡು ಬರುತ್ತೇವಲ್ಲ, ಹಾಗೆ. ವಾದ್ಯ, ಕೇಬಲ್, ಇಂಟರ್‌ಫೇಸ್ (ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ), ಸಾಫ್ಟ್‌ವೇರ್, ಕೊನೆಗೆ ಎಲ್ಲ ಟ್ರ್ಯಾಕ್ ಬೆರೆಸುವ ಮಿಕ್ಸ್. ಈ ಸಾಲಿನಲ್ಲಿ ಯಾವುದನ್ನೂ ಬಿಡಬೇಡಿ.

ಮೊದಲು ಮೊನೊ ಗುಂಡಿ ಒತ್ತಿ

ಸಾಫ್ಟ್‌ವೇರಿನ ಮಾಸ್ಟರ್ ಟ್ರ್ಯಾಕಿನಲ್ಲೋ ಇಂಟರ್‌ಫೇಸಿನ ಮೇಲೋ ಮೊನೊ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಕೀಬೋರ್ಡ್ ಟ್ರ್ಯಾಕ್ ಒಂದನ್ನೇ ಸೋಲೊ ಮಾಡಿ. ಒಮ್ಮೆ ಸ್ಟೀರಿಯೊ, ಒಮ್ಮೆ ಮೊನೊ. ಮೊನೊದಲ್ಲಿ ಅಗಲ ಹೋಗುತ್ತದೆ, ದನಿ ತುಸು ಸಣ್ಣಗೂ ಆಗಬಹುದು. ಅದು ಸಹಜ. ಆದರೆ ಪಿಯಾನೊ ಟೊಳ್ಳಾದರೆ, ಕೊಡದೊಳಗೆ ಬಾರಿಸಿದ ಹಾಗಾದರೆ, ಅಥವಾ ಮಾಯವೇ ಆದರೆ ದೋಷ ಇದೆ ಅಂತ ಅರ್ಥ.

ಮೊನೊ ಅಂದರೆ ಎಡವನ್ನೂ ಬಲವನ್ನೂ ಕೂಡಿಸುವುದು, ಅಷ್ಟೆ. ಎರಡೂ ಕಡೆ ಒಂದೇ ಥರ ಇರುವುದು ಕೂಡಿದಾಗ ಗಟ್ಟಿಯಾಗುತ್ತದೆ. ಒಂದು ಕಡೆ ಮೇಲೇಳುವಾಗ ಇನ್ನೊಂದು ಕಡೆ ಅಷ್ಟೇ ಕೆಳಗಿಳಿಯುತ್ತಿದ್ದರೆ ಕೂಡಿದ ಫಲ ಸೊನ್ನೆ. ಇದನ್ನು ಕಣ್ಣಲ್ಲಿ ನೋಡಬೇಕು ಅಂದರೆ ಕೋರಿಲೇಶನ್ ಮೀಟರ್ ಹಾಕಿ. ಮುಳ್ಳು ಪ್ಲಸ್ 1ರ ಕಡೆ ಇದ್ದರೆ ಎರಡೂ ಕಡೆ ಜೊತೆಯಲ್ಲಿವೆ. ಸೊನ್ನೆಯ ಹತ್ತಿರ ಇದ್ದರೆ ಒಂದಕ್ಕೊಂದು ಸಂಬಂಧ ಕಡಿಮೆ, ಆದರೂ ತೊಂದರೆ ಇಲ್ಲ. ಮೈನಸ್ ಕಡೆ ಹೋಗಿ ಅಲ್ಲೇ ಕೂತರೆ ಮೊನೊದಲ್ಲಿ ಏನೋ ಕಳೆದುಹೋಗುತ್ತಿದೆ.

ಈಗಿನ ಕಾಲದಲ್ಲಿ ಮೊನೊ ಯಾಕೆ ಅಂತ ಕೇಳುವವರಿದ್ದಾರೆ. ಬ್ಲೂಟೂತ್ ಡಬ್ಬಿ ಬಹುತೇಕ ಮೊನೊ. ಜಾತ್ರೆಯ ಹಾರ್ನ್, ಕಲ್ಯಾಣ ಮಂಟಪದ ಮೈಕ್ ಸೆಟ್ಟು ಎಲ್ಲ ಮೊನೊ. ಮೊಬೈಲಿನಲ್ಲಿ ಎರಡು ಸ್ಪೀಕರ್ ಇದ್ದರೂ ನಡುವೆ ಒಂದು ಗೇಣು ಇರುವುದಿಲ್ಲ. ನಮ್ಮ ಕೇಳುಗರು ಜಾಸ್ತಿ ಇರುವುದೇ ಅಲ್ಲಿ, ಅಲ್ವಾ?

ಗೆಳೆಯನ ಪಿಯಾನೊ ಮೊನೊ ಒತ್ತಿದ ಕೂಡಲೇ ಮಾಯವಾಯಿತು. ಮೀಟರ್ ಮೈನಸ್ಸಿನಲ್ಲಿ ಕೂತಿತ್ತು. ಟ್ರ್ಯಾಕಿನ ಮೇಲಿದ್ದ ಎಫೆಕ್ಟುಗಳನ್ನು ಒಂದೊಂದಾಗಿ ಬೈಪಾಸ್ ಮಾಡಲು ಹೇಳಿದೆ. ರಿವರ್ಬ್ (ಕೋಣೆಯ ಅನುರಣನ ಸೇರಿಸುವುದು) ತೆಗೆದ, ಏನೂ ಆಗಲಿಲ್ಲ. ಕಂಪ್ರೆಸರ್ (ಜೋರು ದನಿಯನ್ನು ತಗ್ಗಿಸುವುದು) ತೆಗೆದ, ಏನೂ ಆಗಲಿಲ್ಲ. ಸ್ಟೀರಿಯೊ ಅಗಲ ಮಾಡುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಎಫೆಕ್ಟ್) ತೆಗೆದ ತಕ್ಷಣ "ಬಂತು ಬಂತು" ಅಂತ ಕೂಗಿದ. ಅದರ ನಾಬನ್ನು ತುದಿಯವರೆಗೆ ತಿರುಗಿಸಿ ಇಟ್ಟಿದ್ದ. ಇಂಥ ಪ್ಲಗಿನ್ ಎಡ-ಬಲಗಳಲ್ಲಿ ಸಮನಾಗಿ ಇರುವುದನ್ನು ತಗ್ಗಿಸಿ, ಅವೆರಡರ ವ್ಯತ್ಯಾಸವನ್ನು ಏರಿಸುತ್ತದೆ. ಹೆಡ್‌ಫೋನಿನಲ್ಲಿ ತಲೆಯ ಸುತ್ತ ಹರಡಿದ ಹಾಗೆ ಕೇಳಿ ಖುಷಿಯಾಗುತ್ತದೆ. ಮೊನೊದಲ್ಲಿ ವ್ಯತ್ಯಾಸ ಪೂರ್ತಿ ಸತ್ತುಹೋಗುತ್ತದೆ. ಸಮನಾಗಿದ್ದದ್ದನ್ನು ಮೊದಲೇ ತಗ್ಗಿಸಿದ್ದಾಗಿದೆ. ಇನ್ನು ಉಳಿಯುವುದೇನು?

ಪ್ಲಗಿನ್ ಎಲ್ಲ ತೆಗೆದರೂ ಮೊನೊದಲ್ಲಿ ಟೊಳ್ಳಾಗಿಯೇ ಇದ್ದರೆ ಕೀಬೋರ್ಡಿನ ಒಳಗೇ ನೋಡಿ. ಎಷ್ಟೋ ಪ್ಯಾಚುಗಳು (ಕೀಬೋರ್ಡಿನಲ್ಲಿ ಸಿದ್ಧವಾಗಿರುವ ದನಿಗಳು) ಕೋರಸ್, ಅಂದರೆ ದನಿ ದಪ್ಪ ಮಾಡುವ ಎಫೆಕ್ಟ್, ಹಾಕಿಕೊಂಡೇ ಬರುತ್ತವೆ. ಕೆಲವು ಕೋರಸ್‌ಗಳು ಒಂದು ಬದಿಯನ್ನು ತಲೆಕೆಳಗು ಮಾಡಿ ಅಗಲ ತೋರಿಸುತ್ತವೆ. ಅದನ್ನು ಆಫ್ ಮಾಡಿ ಮತ್ತೆ ಕೇಳಿ.

ಕೋರಸ್ಸೂ ಇಲ್ಲ ಅಂದರೆ ಸ್ಯಾಂಪಲ್ ಮಾಡುವಾಗ (ಆ ಪ್ಯಾಚಿಗಾಗಿ ನಿಜವಾದ ಪಿಯಾನೊವನ್ನು ರೆಕಾರ್ಡ್ ಮಾಡುವಾಗ) ಇಟ್ಟ ಎರಡು ಮೈಕುಗಳ ದೂರವೇ ಕಾರಣ ಇರಬಹುದು. ಒಂದು ಮೈಕಿಗೆ ಶಬ್ದ ಇನ್ನೊಂದಕ್ಕಿಂತ 34 ಸೆಂಟಿಮೀಟರ್ ಜಾಸ್ತಿ ದೂರ ಬರಬೇಕಾದರೆ ಸುಮಾರು 1 ಮಿಲಿಸೆಕೆಂಡ್ ತಡವಾಗುತ್ತದೆ. ಆ ಎರಡನ್ನು ಸಮ ಪ್ರಮಾಣದಲ್ಲಿ ಕೂಡಿದರೆ 500 ಹರ್ಟ್ಜ್, 1500, 2500 ಹೀಗೆ ಬಾಚಣಿಗೆಯ ಹಲ್ಲಿನಂತೆ ಗುಂಡಿ ಬೀಳುತ್ತವೆ. ಇಕ್ಯೂನಲ್ಲಿ 500 ಎಷ್ಟು ಏರಿಸಿದರೂ ಆ ಗುಂಡಿ ತುಂಬುವುದಿಲ್ಲ. ಇಲ್ಲದ್ದನ್ನು ಏರಿಸುವುದು ಹೇಗೆ? ನಾನು ಆಗ ಮಾಡುವುದು ಸೋಮಾರಿ ಉಪಾಯ. ಎಡ ಅಥವಾ ಬಲ, ಯಾವುದು ಚೆನ್ನಾಗಿದೆಯೋ ಅದೊಂದನ್ನೇ ಇಟ್ಟುಕೊಂಡು ಇನ್ನೊಂದನ್ನು ಬಿಸಾಕುತ್ತೇನೆ. ಅಗಲಕ್ಕೆ ಸ್ಟೀರಿಯೊ ರಿವರ್ಬ್ ಇದ್ದೇ ಇದೆ.

ಬಾವಿಯೊಳಗಿನ ಪಿಯಾನೊ

ಇದು ನನಗೇ ಆದದ್ದು. ಮಕ್ಕಳ ಹಾಡಿಗೆ ಅಂತ ಸಣ್ಣ ಕೀಬೋರ್ಡೊಂದನ್ನು ಯಾರಿಂದಲೋ ತಂದಿದ್ದೆ. ಹಿಂದೆ ಎಡ, ಬಲ ಅಂತ ಬೇರೆ ಔಟ್‌ಪುಟ್ ಇರಲಿಲ್ಲ, ಹೆಡ್‌ಫೋನ್ ತೂತು ಒಂದೇ. ಎರಡೂ ತುದಿಯಲ್ಲಿ ಸ್ಟೀರಿಯೊ ಜ್ಯಾಕ್ ಇರುವ ಕೇಬಲ್ ಕೈಗೆ ಸಿಕ್ಕಿತು. ಒಂದು ತುದಿ ಕೀಬೋರ್ಡಿಗೆ, ಇನ್ನೊಂದು ಇಂಟರ್‌ಫೇಸಿನ ಮೊದಲ ಇನ್‌ಪುಟ್ಟಿಗೆ. ಗೇನ್ (ಒಳಬರುವ ದನಿಯನ್ನು ಏರಿಸುವ ನಾಬ್) ಸುಮಾರು ಪೂರ್ತಿ ಏರಿಸಬೇಕಾಯಿತು. ಆಗಲೇ ಅನುಮಾನ ಬರಬೇಕಿತ್ತು.

ಕೇಳಿದರೆ ಪಿಯಾನೊ ಬಾವಿಯೊಳಗಿಂದ ಬಂದಂತೆ. ಬೆರಳು ಬೀಳುವ ಸದ್ದಿಲ್ಲ, ಎಡಗೈ ಸ್ವರಗಳಿಲ್ಲ, ರಿವರ್ಬಿನ ಬಾಲ ಮಾತ್ರ ಜೋರಾಗಿ ಕೇಳುತ್ತಿದೆ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡೆ. ಹೆಡ್‌ಫೋನನ್ನು ಅದೇ ತೂತಿಗೆ ಚುಚ್ಚಿ ಕೇಳಿದರೆ ಸರಿಯಾಗಿಯೇ ಇದೆ!

ಆಗಿದ್ದು ಇಷ್ಟು. ಸ್ಟೀರಿಯೊ ಜ್ಯಾಕಿನ ತುದಿಯಲ್ಲಿ ಎಡ ಬರುತ್ತದೆ, ಅದರ ಹಿಂದಿನ ಉಂಗುರದಲ್ಲಿ ಬಲ. ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಇನ್‌ಪುಟ್ ತುದಿಯಿಂದ ಉಂಗುರವನ್ನು ಕಳೆಯುತ್ತದೆ. ಕೇಬಲ್ ಹಾದಿಯಲ್ಲಿ ಹಿಡಿದುಕೊಂಡ ಗಲಾಟೆಯನ್ನು ತೊಲಗಿಸಲು ಮಾಡಿದ ಒಳ್ಳೆಯ ಏರ್ಪಾಡು ಅದು. ಇಲ್ಲಿ ಮಾತ್ರ ಅದು ಎಡದಿಂದ ಬಲವನ್ನೇ ಕಳೆಯಿತು. ಎರಡೂ ಕಡೆ ಸಮನಾಗಿದ್ದ ಪಿಯಾನೊ ಹೋಯಿತು, ಬೇರೆಬೇರೆಯಾಗಿದ್ದ ರಿವರ್ಬ್ ಉಳಿಯಿತು. ಗೆಳೆಯನ ಪ್ಲಗಿನ್ ಮಾಡಿದ ಕೆಲಸವನ್ನೇ ಇಲ್ಲಿ ಒಂದು ಕೇಬಲ್ ಮಾಡಿತ್ತು ನೋಡಿ.

ಪರಿಹಾರ ಅಗ್ಗ. ಒಂದು ತುದಿಯಲ್ಲಿ ಸ್ಟೀರಿಯೊ ಜ್ಯಾಕ್, ಇನ್ನೊಂದು ತುದಿಯಲ್ಲಿ ಎರಡು ಮೊನೊ ಜ್ಯಾಕ್ ಇರುವ ವೈ ಕೇಬಲ್ ತನ್ನಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ. ಎರಡು ಜ್ಯಾಕನ್ನು ಎರಡು ಇನ್‌ಪುಟ್ಟಿಗೆ ಹಾಕಿ, ಎರಡರ ಗೇನ್ ಸಮ ಮಾಡಿ. ಹೆಡ್‌ಫೋನ್ ತೂತಿಗೆ ಮೊನೊ ಜ್ಯಾಕ್ ಚುಚ್ಚುವ ಅಡ್ಡದಾರಿ ಬೇಡ. ಅದು ಬಲದ ತಂತಿಯನ್ನು ನೆಲದ ತಂತಿಗೆ ಶಾರ್ಟ್ ಮಾಡುತ್ತದೆ.

ಹೀಗೆ ರೆಕಾರ್ಡ್ ಆದ ಟೇಕನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ. ಕಳೆದದ್ದು ಕಳೆದೇ ಹೋಯಿತು. ನನ್ನನ್ನು ಆವತ್ತು ಉಳಿಸಿದ್ದು ಯುಎಸ್‌ಬಿ ತಂತಿ. ಆಡಿಯೊ ಜೊತೆಗೆ ಮಿಡಿಯನ್ನೂ (ಯಾವ ಕೀ ಯಾವಾಗ, ಎಷ್ಟು ಜೋರಾಗಿ ಒತ್ತಿದೆ ಅನ್ನುವ ಲೆಕ್ಕ) ರೆಕಾರ್ಡ್ ಮಾಡಿಟ್ಟಿದ್ದೆ. ಅದೇ ಮಿಡಿಯನ್ನು ಕೀಬೋರ್ಡಿಗೆ ವಾಪಸ್ ಕಳಿಸಿ, ಸರಿಯಾದ ಕೇಬಲ್ಲಿನಲ್ಲಿ ಇನ್ನೊಮ್ಮೆ ಹಿಡಿದೆ. ಅಂದಿನಿಂದ ಮಿಡಿ ಇಲ್ಲದೆ ಕೀಬೋರ್ಡ್ ರೆಕಾರ್ಡ್ ಮಾಡುವುದನ್ನು ಬಿಟ್ಟಿದ್ದೇನೆ.

ಔಟ್‌ಪುಟ್ ಎರಡು ಇರುವ ಕೀಬೋರ್ಡಿನಲ್ಲಿ ಇನ್ನೊಂದು ಸಣ್ಣ ಎಡವಟ್ಟು ಆಗುತ್ತದೆ. ಒಂದೇ ಕೇಬಲ್ ಇದ್ದಾಗ ಅದನ್ನು 'ಎಲ್/ಮೊನೊ' ಅಂತ ಬರೆದ ತೂತಿಗೇ ಹಾಕಬೇಕು. ಆಗ ಎರಡೂ ಬದಿ ಕೂಡಿ ಬರುತ್ತದೆ. ಗೊತ್ತಿಲ್ಲದೆ ಬಲದ ತೂತಿಗೆ ಹಾಕಿದರೆ ಅರ್ಧ ಪಿಯಾನೊ ಸಿಗುತ್ತದೆ.

ಪ್ಯಾನ್ ತಿರುಗಿಸಿದರೆ ಮೇಲಿನ ಸ್ವರಗಳು ಕಾಣೆ

ಲಕ್ಷಣ: ಪಿಯಾನೊವನ್ನು ಸ್ವಲ್ಪ ಎಡಕ್ಕೆ ಕೂರಿಸೋಣ ಅಂತ ಪ್ಯಾನ್ (ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ನಾಬ್) ತಿರುಗಿಸಿದಿರಿ. ಎಡಗೈ ಸರಿ ಇದೆ, ಬಲಗೈ ನುಡಿಸಿದ್ದು ಸಣ್ಣಗಾಗಿ ಹೋಯಿತು.

ಪಿಯಾನೊ ಪ್ಯಾಚುಗಳು ಹೆಚ್ಚಾಗಿ ನುಡಿಸುವವರು ಕೂತ ಜಾಗದಿಂದ ಕೇಳುವಂತೆ ಇರುತ್ತವೆ. ಮಂದ್ರ ಎಡಕ್ಕೆ, ತಾರ ಬಲಕ್ಕೆ. ಸ್ಟೀರಿಯೊ ಟ್ರ್ಯಾಕಿನ ಮೇಲಿರುವ ಆ ಒಂಟಿ ನಾಬ್ ಬಹಳಷ್ಟು ಸಲ ಪ್ಯಾನ್ ಅಲ್ಲ, ಬ್ಯಾಲೆನ್ಸ್. ಎಡಕ್ಕೆ ತಿರುಗಿಸಿದರೆ ಅದು ಬಲವನ್ನು ಎಡಕ್ಕೆ ಕರೆತರುವುದಿಲ್ಲ, ಬಲದ ವಾಲ್ಯೂಮ್ ಇಳಿಸುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರುಗಳಾದ ಲಾಜಿಕ್‌ನಲ್ಲೂ ರೀಪರ್‌ನಲ್ಲೂ ನೀವು ಏನೂ ಬದಲಿಸದಿದ್ದರೆ ಸಿಗುವುದು ಬ್ಯಾಲೆನ್ಸೇ. ಪ್ರೊ ಟೂಲ್ಸ್‌ನಲ್ಲಿ ಸ್ಟೀರಿಯೊ ಟ್ರ್ಯಾಕಿಗೆ ಮೊದಲಿನಿಂದಲೇ ಎರಡು ನಾಬ್ ಇರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ.

ಪರೀಕ್ಷೆ ಸುಲಭ. ಕೆಳಗಿನ ಸಾ ದಿಂದ ಮೂರು ಸ್ಥಾಯಿ ಸರಿಗಮ ನುಡಿಸಿ ರೆಕಾರ್ಡ್ ಮಾಡಿ. ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ. ಮೇಲೆ ಹೋದಂತೆ ಸ್ವರ ಕರಗಿದರೆ ಅದು ಬ್ಯಾಲೆನ್ಸ್. ನಾಬಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡ್ಯುಯಲ್ ಪ್ಯಾನ್ ಅಥವಾ ಸ್ಟೀರಿಯೊ ಪ್ಯಾನ್ ಅನ್ನುವ ಆಯ್ಕೆ ಸಿಗುತ್ತದೆ. ಅದನ್ನು ಹಾಕಿ ಎಡದ ನಾಬ್ ಎಡ 70ಕ್ಕೆ, ಬಲದ ನಾಬ್ ಎಡ 10ಕ್ಕೆ ಇಡಿ. ಈಗ ಇಡೀ ಪಿಯಾನೊ ಕೈಕಾಲು ಸಮೇತ ಎಡಕ್ಕೆ ಸರಿದು ಕೂರುತ್ತದೆ.

ನುಡಿಸುವಾಗ ಮಾತ್ರ ಸುಯ್ಯ್ ಅನ್ನುವ ದನಿ

ಕಾರಣ ಒಂದೇ: ಪ್ರತಿ ಸ್ವರವೂ ಎರಡು ಸಲ ಕೇಳುತ್ತಿದೆ. ಎರಡು ದಾರಿಯಲ್ಲಿ ಹೀಗಾಗುತ್ತದೆ.

ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ (ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುವ ದಾರಿ) ಆನ್ ಇದೆ, ಸಾಫ್ಟ್‌ವೇರಿನ ಮಾನಿಟರೂ ಆನ್ ಇದೆ. ಮೊದಲನೆಯದು ತಕ್ಷಣ ಬರುತ್ತದೆ. ಎರಡನೆಯದು ಬಫರ್ (ಕಂಪ್ಯೂಟರ್ ದನಿಯನ್ನು ತುಸು ಹೊತ್ತು ಕೂಡಿಟ್ಟುಕೊಳ್ಳುವ ಜಾಗ) ದಾಟಿ ಬರಬೇಕು. 48 ಕಿಲೊಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಬಫರ್ ಅಂದರೆ ಒಂದು ಬಾರಿಗೆ 5.3 ಮಿಲಿಸೆಕೆಂಡ್, ಹೋಗಿಬರಲು ಅದಕ್ಕಿಂತ ಜಾಸ್ತಿ. ಎರಡರಲ್ಲಿ ಒಂದನ್ನು ಆಫ್ ಮಾಡಿ.

ಇನ್ನೊಂದು ದಾರಿ ಮಿಡಿಯದು. ನೀವು ಕೀ ಒತ್ತಿದಾಗ ಕೀಬೋರ್ಡ್ ತಾನೇ ನುಡಿಯುತ್ತದೆ. ಅದೇ ಸ್ವರ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗಿ, ಸಾಫ್ಟ್‌ವೇರ್ ಅದನ್ನು ವಾಪಸ್ ಕಳಿಸಿ, ಕೀಬೋರ್ಡ್ ಮತ್ತೊಮ್ಮೆ ನುಡಿಯುತ್ತದೆ. ಉದ್ದ ಸ್ವರಗಳು ಮಧ್ಯದಲ್ಲೇ ಕಡಿದುಹೋಗುತ್ತಿದ್ದರೆ ಇದೇ ಕಾರಣ ಇರಬಹುದು. ಒಟ್ಟಿಗೆ 64 ದನಿ ನುಡಿಸಬಲ್ಲ ಕೀಬೋರ್ಡು ಆಗ 32ರದ್ದಾಗುತ್ತದೆ. ಕೀಬೋರ್ಡಿನ ಮೆನುವಿನಲ್ಲಿ 'ಲೋಕಲ್ ಕಂಟ್ರೋಲ್' (ಕೀ ಒತ್ತಿದಾಗ ಕೀಬೋರ್ಡ್ ತಾನೇ ನುಡಿಯುವ ಏರ್ಪಾಡು) ಹುಡುಕಿ ಆಫ್ ಮಾಡಿ. ರೆಕಾರ್ಡಿಂಗ್ ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಕಾರ್ಯಕ್ರಮದ ವೇದಿಕೆಯ ಮೇಲೆ ಕೀ ಒತ್ತಿದರೂ ಸದ್ದೇ ಬರದೆ ಬೆವರಿದವರನ್ನು ನೋಡಿದ್ದೇನೆ.

ಎಲ್ಲವೂ ಬಾಗಿಲಲ್ಲೇ ನೇತಾಡಿದರೆ

ಪಿಯಾನೊ, ಸ್ಟ್ರಿಂಗ್ಸ್, ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ದನಿ), ಬೆಲ್. ನಾಲ್ಕೂ ಕೀಬೋರ್ಡಿನ ಸ್ಟೀರಿಯೊ ಪ್ಯಾಚುಗಳೇ, ನಾಲ್ಕೂ ಪೂರ್ತಿ ಎಡ, ಪೂರ್ತಿ ಬಲ. ಒಂದೊಂದೇ ಕೇಳಿದರೆ ಭರ್ಜರಿ. ಒಟ್ಟಿಗೆ ಹಾಕಿದರೆ ಎರಡು ಅಂಚಿನಲ್ಲಿ ಗಿಜಿಗಿಜಿ. ನಮ್ಮ ಬಸ್ಸುಗಳ ಹಾಗೆ: ಎರಡೂ ಬಾಗಿಲಲ್ಲಿ ಜನ ನೇತಾಡುತ್ತಾರೆ, ಕಂಡಕ್ಟರ್ "ಒಳಗೆ ಹೋಗ್ರೀ, ಮಧ್ಯ ಖಾಲಿ ಇದೆ" ಅಂತ ಕೂಗುತ್ತಲೇ ಇರುತ್ತಾರೆ.

ಹಾಡಿಗೆ ಬೆನ್ನೆಲುಬಾಗಿ ಯಾವ ವಾದ್ಯ ಇದೆಯೋ ಅದೊಂದಕ್ಕೆ ಮಾತ್ರ ಅಗಲ ಕೊಡಿ. ಭಾವಗೀತೆಯಲ್ಲಿ ನಾನು ಸಾಮಾನ್ಯವಾಗಿ ಪ್ಯಾಡ್ ಅಥವಾ ಸ್ಟ್ರಿಂಗ್ಸನ್ನು ಅಗಲ ಬಿಡುತ್ತೇನೆ. ಪಿಯಾನೊವನ್ನು ಎಡ 40, ಬಲ 40ಕ್ಕೆ ಕಿರಿದು ಮಾಡುತ್ತೇನೆ. ಬೆಲ್ ಮೊನೊ, ಕೊಳಲು ಇಲ್ಲದ ಬದಿಯಲ್ಲಿ. ಹಾರ್ಮೋನಿಯಂ ಮೊನೊ, ಬಲ 25ರ ಸುತ್ತ. ಹಾಡುವವರು ನಡುವೆ. ಇದು ನನ್ನ ರೂಢಿ, ಶಾಸ್ತ್ರವೇನಲ್ಲ.

ಎಡಗೈ ಜೋರಾಗಿ ನುಡಿಸಿದಾಗಲೆಲ್ಲ ಇಡೀ ಹಾಡು ಎಡಕ್ಕೆ ವಾಲಿದ ಹಾಗೆ ಅನಿಸಿದರೆ ಕಾರಣ ಅದೇ ನುಡಿಸುವವರ ಕಿವಿಯ ಪ್ಯಾಚು. ಪಿಯಾನೊದ ಕೆಳಗಿನ ತುದಿ 27.5 ಹರ್ಟ್ಜ್‌ವರೆಗೆ ಇಳಿಯುತ್ತದೆ. ಆ ಭಾರವೆಲ್ಲ ಒಂದೇ ಬದಿಯಲ್ಲಿ ಕೂತರೆ ತಕ್ಕಡಿ ವಾಲದೆ ಇರುತ್ತದೆಯೇ? 150 ಹರ್ಟ್ಜ್‌ಗಿಂತ ಕೆಳಗಿನದನ್ನು ಮೊನೊ ಮಾಡಿ ನಡುವೆ ತನ್ನಿ. ಬೇಸ್ ಗಿಟಾರ್ ಇದ್ದರೆ ಪಿಯಾನೊದ ಕೆಳಭಾಗವನ್ನು ಕತ್ತರಿಸಿಬಿಡಿ. ಯಾರೂ ಹುಡುಕಿಕೊಂಡು ಬರುವುದಿಲ್ಲ.

ಎಲೆಕ್ಟ್ರಿಕ್ ಪಿಯಾನೊದ ತೂಗಾಟದ್ದು ಬೇರೆ ಕಥೆ. ರೋಡ್ಸ್ ಸೂಟ್‌ಕೇಸ್ ಮಾದರಿಯಲ್ಲಿ ದನಿ ಎಡ-ಬಲ ಜೋಕಾಲಿ ಆಡುತ್ತದೆ. ಯಂತ್ರದ ಮೇಲೆ ಅದಕ್ಕೆ ವೈಬ್ರಾಟೊ ಅಂತ ಹೆಸರು, ನಿಜವಾಗಿ ಅದು ಬದಿ ಬದಲಿಸುವ ಟ್ರೆಮೊಲೊ (ದನಿಯ ಜೋರು ಏರಿಳಿಯುವುದು). ಎಡ ಏರಿದಾಗ ಬಲ ಇಳಿಯುತ್ತದೆ, ಮೊನೊದಲ್ಲಿ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ವರ ಉಳಿಯುತ್ತದೆ, ತೂಗಾಟ ಮಾತ್ರ ಹೋಗುತ್ತದೆ. ಇದು ದೋಷ ಅಲ್ಲ. ತೂಗಾಟವೇ ಹಾಡಿನ ಜೀವ ಅನ್ನುವುದಾದರೆ ಮೊನೊ ಟ್ರೆಮೊಲೊ ಹಾಕಿ.

ಹಾರ್ಮೋನಿಯಂ: ಅಲೆ ಎಲ್ಲಿಂದ ಬರುತ್ತಿದೆ?

ಇಲ್ಲಿ ತಪ್ಪು ಪತ್ತೆ ಆಗುವುದು ಜಾಸ್ತಿ. "ಫೇಸ್ ಪ್ರಾಬ್ಲಮ್ ಇದೆ, ದನಿ ಅಲೆಅಲೆಯಾಗಿ ಬರುತ್ತಿದೆ" ಅಂತಾರೆ. ಫೇಸ್ ಪ್ರಾಬ್ಲಮ್ ಅಂದರೆ ಮೇಲೆ ಹೇಳಿದ ಹಾಗೆ ಒಂದು ದನಿ ಏರುವಾಗ ಇನ್ನೊಂದು ಇಳಿದು ಜಗಳ ಆಗುವುದು. ಮೊದಲು ಒಂದೇ ಮೈಕಿನ ಟ್ರ್ಯಾಕ್ ಇಟ್ಟುಕೊಂಡು ಉಳಿದದ್ದೆಲ್ಲ ಮ್ಯೂಟ್ ಮಾಡಿ. ಅಲೆ ಇನ್ನೂ ಇದೆಯಾ? ಹಾಗಾದರೆ ಅದು ಮೈಕಿನ ತಪ್ಪಲ್ಲ, ಪೆಟ್ಟಿಗೆಯೊಳಗಿನ ರೀಡುಗಳದ್ದು. ಡಬಲ್ ರೀಡ್ ಪೆಟ್ಟಿಗೆಯಲ್ಲಿ ಒಂದು ರೀಡ್ 440ಕ್ಕೆ, ಜೊತೆಯದು 442ಕ್ಕೆ ನುಡಿದರೆ ಸೆಕೆಂಡಿಗೆ ಎರಡು ಅಲೆ ಏಳುತ್ತದೆ. ಒಂದು ಸಾಲಿನ ಸ್ಟಾಪ್ ಮುಚ್ಚಿ ಅದೇ ಸ್ವರ ಒತ್ತಿ. ಅಲೆ ನಿಂತರೆ ಖಚಿತ. ರೀಡ್ ಕೆರೆದು ಶ್ರುತಿ ಮಾಡುವವರ ಹತ್ತಿರ ಒಯ್ಯಿರಿ, ಯಾವ ಪ್ಲಗಿನ್ನೂ ಬೇಡ.

ಪೆಟ್ಟಿಗೆ ಒಂದೇ ಕೇಳಿದಾಗ ಚೆನ್ನಾಗಿದ್ದು, ಕೀಬೋರ್ಡ್ ಸೇರಿದ ಮೇಲೆ ಅಲೆ ಬಂದರೆ ಎರಡರ ಶ್ರುತಿ ಬೇರೆ ಇದೆ. ಕೀಬೋರ್ಡ್ ಆನ್ ಮಾಡಿದಾಗ ಸಾಮಾನ್ಯವಾಗಿ 440ರಲ್ಲಿ ಇರುತ್ತದೆ. ಪೆಟ್ಟಿಗೆ 444 ಇದ್ದರೆ ಸುಮಾರು 16 ಸೆಂಟ್ ವ್ಯತ್ಯಾಸ (ಪಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್). ಕಿವಿಗೆ ಚುಚ್ಚಲು ಅಷ್ಟು ಸಾಕು. ಪೆಟ್ಟಿಗೆಯನ್ನು ಆ ಕ್ಷಣಕ್ಕೆ ಬದಲಿಸಲಾಗದು, ಕೀಬೋರ್ಡಿನ ಮಾಸ್ಟರ್ ಟ್ಯೂನ್ ತಿರುಗಿಸಲು ಅರ್ಧ ನಿಮಿಷ. ಬಗ್ಗಬಲ್ಲದ್ದು ಬಗ್ಗಲಿ. ಹಾರ್ಮೋನಿಯಂ ಮೇಲೆ ಶ್ರುತಿಯ ದೂರು ಹೊಸದೇನಲ್ಲ. ಅದರ ಸ್ವರಗಳು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಅಂತ ಆಲ್ ಇಂಡಿಯಾ ರೇಡಿಯೊ 1940ರಿಂದ 1971ರವರೆಗೆ ಅದನ್ನು ದೂರವೇ ಇಟ್ಟಿತ್ತು.

ಇನ್ನು ನಿಜವಾದ ಫೇಸ್ ತೊಂದರೆ. ಹಾಡುವವರೇ ಪೆಟ್ಟಿಗೆ ನುಡಿಸುತ್ತಿದ್ದಾರೆ, ಬಾಯಿಗೊಂದು ಮೈಕ್, ಪೆಟ್ಟಿಗೆಗೊಂದು ಮೈಕ್. ಪೆಟ್ಟಿಗೆಯ ಫೇಡರ್ ಏರಿಸಿದರೆ ಹಾಡಿನ ದನಿ ಟೊಳ್ಳಾಗುತ್ತದೆ. ಪೆಟ್ಟಿಗೆಯ ಮೈಕಿಗೂ ಹಾಡು ಬೀಳುತ್ತಿದೆ, ಸ್ವಲ್ಪ ತಡವಾಗಿ. ಅರ್ಧ ಮೀಟರ್ ದೂರಕ್ಕೆ ಸುಮಾರು ಒಂದೂವರೆ ಮಿಲಿಸೆಕೆಂಡ್. ಹಳಬರು ಹೇಳುವ ಒಂದಕ್ಕೆ ಮೂರು ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ. ಮೈಕ್ ಪೆಟ್ಟಿಗೆಯಿಂದ 20 ಸೆಂಟಿಮೀಟರ್ ಇದ್ದರೆ, ಬಾಯಿಯ ಮೈಕ್ ಅದರಿಂದ 60 ಸೆಂಟಿಮೀಟರಾದರೂ ದೂರ ಇರಲಿ. ಹಿಂದಿನ ಸದ್ದನ್ನು ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಹಾಡುವವರ ಬಾಯಿಯ ಕಡೆ ತಿರುಗಲಿ. ಕೆಳಗಿನಿಂದ ಮೇಲಕ್ಕೆ ನೋಡುವಂತೆ ಮಾತ್ರ ಇಡಬೇಡಿ.

ಮೈಕನ್ನು ತಿದಿಯ ನೇರಕ್ಕೆ ಇಟ್ಟರೆ ಗಾಳಿಯ ಉಸಿರು, ಕೀಗಳ ಹತ್ತಿರ ಇಟ್ಟರೆ ಟಕಟಕ. ಮೇಲಿನಿಂದ ಅರ್ಧ ಮೀಟರ್ ಎತ್ತರಕ್ಕೆ ಹೋಗಿ, ನುಡಿಸುವವರ ಎದುರು ಬದಿಗೆ ತುಸು ಸರಿಸಿ ನೋಡಿ. ಒಬ್ಬರೇ ಬರೀ ಪೆಟ್ಟಿಗೆ ನುಡಿಸುವಾಗ ಇದು ನನಗೆ ಒಗ್ಗಿದ ಜಾಗ. ಎರಡು ಮೈಕ್ ಇಟ್ಟು ಸ್ಟೀರಿಯೊ ಮಾಡುವ ಆಸೆ ಇದ್ದರೆ ಎರಡರ ತಲೆಯನ್ನೂ ಒಂದರ ಮೇಲೊಂದು ತಂದು 90 ಡಿಗ್ರಿ ಕೋನದಲ್ಲಿ ಇಡಿ. ಶಬ್ದ ಎರಡಕ್ಕೂ ಒಟ್ಟಿಗೇ ತಲುಪುತ್ತದೆ, ಮೊನೊದಲ್ಲಿ ಗುಂಡಿ ಬೀಳುವುದಿಲ್ಲ.

ಗುಂಯ್ ಅನ್ನುವ ಹಮ್

ಸ್ಟೀರಿಯೊಗೆ ನೇರ ಸಂಬಂಧ ಇಲ್ಲ, ಆದರೂ ಕೀಬೋರ್ಡ್ ಅಂದ ಮೇಲೆ ಇದು ಬಂದೇ ಬರುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಹಮ್ ಕೂಡ 50, 100ರಲ್ಲೇ ಕೂರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹಮ್ ನಿಂತರೆ ಆ ಟೇಕನ್ನು ಬ್ಯಾಟರಿಯಲ್ಲೇ ಮುಗಿಸಿ. ನಿಲ್ಲದಿದ್ದರೆ ಕೀಬೋರ್ಡಿಗೂ ಇಂಟರ್‌ಫೇಸಿಗೂ ನಡುವೆ ಡಿಐ ಬಾಕ್ಸ್ (ವಾದ್ಯದ ದನಿಯನ್ನು ಬ್ಯಾಲೆನ್ಸ್ಡ್ ಮಾಡುವ ಡಬ್ಬಿ) ಹಾಕಿ, ಅದರ ಮೇಲಿನ ಗ್ರೌಂಡ್ ಲಿಫ್ಟ್ (ಕೇಬಲ್ಲಿನ ನೆಲದ ತಂತಿ ಬಿಡಿಸುವ ಗುಂಡಿ) ಒತ್ತಿ. ಒಂದೇ ಬದಿಯಲ್ಲಿ ಹಮ್ ಇದ್ದರೆ ಎರಡು ಕೇಬಲ್ಲುಗಳನ್ನು ಎರಡೂ ತುದಿಯಲ್ಲಿ ಅದಲುಬದಲು ಮಾಡಿ. ಹಮ್ ಕೂಡ ಬದಿ ಬದಲಿಸಿದರೆ ಕೇಬಲ್ಲಿನದ್ದೇ ತಪ್ಪು. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವ ಜಾಣರಿದ್ದಾರೆ. ಆ ಕೆಲಸ ಬೇಡ, ಹಾಡುವವರ ತುಟಿ ಮೈಕಿಗೆ ತಾಗುತ್ತಿರುತ್ತದೆ, ಶಾಕ್ ಹೊಡೆದೀತು.